ಕೇಳಿದ್ದು, ಕೊಟ್ಟಿದ್ದು, ಒಪ್ಪಿದ್ದು

ಮಳವಳ್ಳಿಯ ಸಾಹೇಬರು ತೀರಿಕೊಂಡ ಮೇಲೆ ನಮ್ಮ ಆಫೀಸಿನಲ್ಲಿ ಸಣ್ಣದೊಂದು ಸಭೆ ಮಾಡಿದರು. ಅವರ ಬಗ್ಗೆ ನಾಲ್ಕು ಮಾತಾಡಲು ನನ್ನನ್ನೇ ಎಬ್ಬಿಸಿದರು, ಯಾಕೆಂದರೆ ಅವರ ಜೊತೆ ಹೆಚ್ಚು ಜಗಳ ಆಡಿದವಳು ನಾನೇ. ಎದ್ದು ನಿಂತು ‘ಅವರು ಒಬ್ಬ’ ಅಂದೆ. ಮುಂದಿನ ಪದ ಸಿಗಲಿಲ್ಲ. ಪಂಪ್‌ಸೆಟ್ ಮೆಕ್ಯಾನಿಕ್ ಅನ್ನಲೇ, ಟೈಪ್‌ರೈಟರ್ ರಿಪೇರಿಯವರು ಅನ್ನಲೇ, ಕಂಪ್ಯೂಟರಿನವರು ಅನ್ನಲೇ? ಮೂರೂ ನಿಜ, ಮೂರೂ ಸರಿಯಲ್ಲ. ಕಡೆಗೆ ‘ಒಬ್ಬ ಒಳ್ಳೆಯವರು’ ಅಂದು ಕೂತುಬಿಟ್ಟೆ. ಒಳ್ಳೆಯವರು ಹೌದು, ಆದರೆ ವಿಷಯ ಅದಲ್ಲ. ವಿಷಯ ಏನು ಅಂತ ಆವತ್ತು ನನಗೆ ಗೊತ್ತಿರಲಿಲ್ಲ. ಇವತ್ತೂ ಪೂರ್ತಿ ಗೊತ್ತಿದೆ ಅಂತ ಎದೆ ತಟ್ಟಿ ಹೇಳಲಾರೆ.

ಹೆಸರು ಬರೆಯುವುದಿಲ್ಲ. ಅವರ ಅಂಗಡಿಯ ಬೋರ್ಡಿನ ಮೇಲೂ ಅವರ ಹೆಸರಿರಲಿಲ್ಲ. ಅವರಿಗಿಂತ ಮುಂಚೆ ಅಲ್ಲಿದ್ದ ಟೈಪಿಂಗ್ ಶಾಲೆಯ ಬೋರ್ಡೇ ಕೊನೆಯವರೆಗೂ ನೇತಾಡುತ್ತಿತ್ತು. ‘ಬದಲಾಯಿಸಿ ಸಾಹೇಬ್ರೇ’ ಅಂದರೆ, ‘ಬೋಲ್ಟು ತುಕ್ಕಿಡ್ದದೆ, ಬುಡು’ ಅನ್ನುತ್ತಿದ್ದರು. ತಾಲ್ಲೂಕಿನ ಎಲ್ಲರ ಬೋಲ್ಟೂ ಬಿಚ್ಚುವವರು ತಮ್ಮ ಬೋರ್ಡಿನದು ಬಿಚ್ಚಲಿಲ್ಲ.

ನಮ್ಮದು ಮಂಡ್ಯದ ಸಣ್ಣ ಸಂಸ್ಥೆ. ಕಣ್ಣು ಕಾಣದವರಿಗೆ ಪುಸ್ತಕ ಮಾಡಿಕೊಡುತ್ತೇವೆ. ಕನ್ನಡ ಅಕ್ಷರವನ್ನು ಬ್ರೈಲ್ ಚುಕ್ಕಿಗೆ ತಿರುಗಿಸುವ ಪ್ರೋಗ್ರಾಂ ಒಂದು, ಆ ಚುಕ್ಕಿಗಳನ್ನು ದಪ್ಪ ಕಾಗದದ ಮೇಲೆ ಉಬ್ಬಿಸುವ ಯಂತ್ರ ಒಂದು. ಯಂತ್ರ ಮೊದಲು ಮಂಡ್ಯದಲ್ಲೇ ಇತ್ತು. ಎರಡು ತಿಂಗಳಿಗೊಮ್ಮೆ ಕೆಟ್ಟು ಮಳವಳ್ಳಿಗೆ ರಿಪೇರಿಗೆ ಹೋಗುತ್ತಿತ್ತು. ಹೋಗಿ ಬಂದು ಸಾಕಾಗಿ, ಅದು ಸಾಹೇಬರ ಅಂಗಡಿಯಲ್ಲೇ ಇರಲಿ, ಅವರೇ ಛಾಪಿಸಿ ಕಳಿಸಲಿ ಅಂತ ತೀರ್ಮಾನವಾಯಿತು. ಅಂಗಡಿಯ ಒಂದು ಗೋಡೆಗೆ ಪಂಪಿನ ಸ್ಟಾರ್ಟರುಗಳು, ಇನ್ನೊಂದು ಗೋಡೆಗೆ ನಮ್ಮ ಯಂತ್ರ, ಅದರ ಕಂಪ್ಯೂಟರು. ಕಂಪ್ಯೂಟರಿನ ಜವಾಬ್ದಾರಿ ನನ್ನದು. ನಾನು ಓದಿದ ಇಂಜಿನಿಯರು, ದುದ್ದದವಳು, ಬಾಯಿ ಸ್ವಲ್ಪ ಜೋರು. ಸಾಹೇಬರು ನನ್ನನ್ನು ಹೆಸರು ಹಿಡಿದು ಕರೆದವರೇ ಅಲ್ಲ, ಯಾವಾಗಲೂ ‘ಇಂಜಿನಿಯರಮ್ಮ’. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಅಂತ ಬಿಡಿಸಲು ನನ್ನಿಂದ ಆಗಲಿಲ್ಲ.

ಆ ಯಂತ್ರದ ಪುಟಗಳು ಹೆಚ್ಚಾಗಿ ಹೋಗುತ್ತಿದ್ದದ್ದು ಮದ್ದೂರಿಗೆ, ಅಲ್ಲಿನ ಒಂದು ಪ್ರಾಥಮಿಕ ಶಾಲೆಯ ಕನ್ನಡ ಟೀಚರಮ್ಮನಿಗೆ. ಹುಟ್ಟಿನಿಂದ ಅವರಿಗೆ ಕಣ್ಣಿಲ್ಲ. ಮೇಜಿನ ಮೇಲೆ ಬ್ರೈಲ್ ಪಾಠ ಇಟ್ಟುಕೊಂಡು, ಬೆರಳಲ್ಲಿ ಓದಿ, ಕಣ್ಣಿರುವ ಮಕ್ಕಳಿಗೆ ಪಾಠ ಮಾಡುತ್ತಾರೆ. ಪುಟ ಇದ್ದರೆ ಅವರು ಟೀಚರು. ಪುಟ ಇಲ್ಲದ ದಿನ, ಅವರದೇ ಮಾತಿನಲ್ಲಿ ಹೇಳುವುದಾದರೆ, ‘ಕುರ್ಚಿ ಮೇಲೆ ಕೂರಿಸಿದ ಗೊಂಬೆ’.

ಮೊದಲ ಜಗಳ ಆದದ್ದು ಕಂಪ್ಯೂಟರು ಸತ್ತಾಗ. ಕರೆಂಟು ಏರುಪೇರಾಗಿ ಹಳೆಯದು ಸುಟ್ಟುಹೋಯಿತು. ಆಫೀಸಿನವರು ಯಾರೋ ದಾನ ಕೊಟ್ಟ ಇನ್ನೊಂದನ್ನು ಕಳಿಸಿದರು. ಅದರಲ್ಲಿ ವಿಂಡೋಸ್ ಇಲ್ಲ, ಲಿನಕ್ಸ್ ಇದೆ. ನಮ್ಮ ಪ್ರೋಗ್ರಾಂ ವಿಂಡೋಸಿಗಾಗಿ ಬರೆದದ್ದು. ನಾನು ಮಂಡ್ಯದಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ, ಇದು ಆಗುವುದಿಲ್ಲ ಅಂತ ಮುಖತಃ ಹೇಳಿ ಬರಲು.

‘ಆಗಲ್ಲ ಸಾಹೇಬ್ರೇ. ಹೊಸ ಪ್ರೋಗ್ರಾಂ ಬರೋವರ್ಗೂ ಕಾಯ್ಬೇಕು.’

‘ಯಾಕಾಗಲ್ಲ ಯೋಳಮ್ಮ.’

ಹೇಳಿದೆ. ವಿಂಡೋಸಿನ ಪ್ರೋಗ್ರಾಮನ್ನು ಲಿನಕ್ಸಿನ ಮೇಲೆ ಓಡಿಸಲು ರನ್‌ಟೈಮ್ ಅಂತ ಒಂದಿದೆ, ಅದು ನಡುವೆ ಕೂತು ಪ್ರೋಗ್ರಾಂ ಹೇಳಿದ್ದನ್ನು ಲಿನಕ್ಸಿಗೆ ತಿಳಿಯುವ ಹಾಗೆ ಮಾಡಿಸುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಅಕ್ಷರವನ್ನು ಚುಕ್ಕಿಗೆ ತಿರುಗಿಸುವ ಅಸಲಿ ಕೆಲಸ ಪ್ರೋಗ್ರಾಂ ತಾನೇ ಮಾಡುವುದಿಲ್ಲ. ಬೇರೆಯವರು ಮಾಡಿಟ್ಟ ಸಿದ್ಧ ಭಾಗವೊಂದನ್ನು ಹೆಸರು ಹಿಡಿದು ಕರೆಯುತ್ತದೆ. ಅದಕ್ಕೆ ಲೈಬ್ರರಿ ಅನ್ನುತ್ತಾರೆ. ಪ್ರೋಗ್ರಾಂ ಕೇಳುವುದು ವಿಂಡೋಸಿನ ಲೈಬ್ರರಿಯನ್ನು. ಲಿನಕ್ಸಿನಲ್ಲಿ ಆ ಹೆಸರಿನದು ಇಲ್ಲ, ಇರುವುದು ಬೇರೆ.

ಸಾಹೇಬರು ಸೋಪು ಹಾಕಿ ಕೈ ತೊಳೆಯುತ್ತಾ ಕೇಳಿಸಿಕೊಂಡರು. ಕೀಬೋರ್ಡ್ ಮುಟ್ಟುವ ಮುಂಚೆ ಮೊಣಕೈವರೆಗೆ ತೊಳೆಯುವುದು ಅವರ ಪದ್ಧತಿ. ಅದೇ ಮನುಷ್ಯ ಕಂಪ್ಯೂಟರಿನ ತಲೆ ಮೇಲೆ ಎಣ್ಣೆ ಸ್ಪ್ಯಾನರು ಇಡುತ್ತಿದ್ದರು.

‘ಅಂದ್ರೆ ಅದು ಕೇಳೋ ಸಾಮಾನು ಈ ಅಂಗ್ಡೀಲಿಲ್ಲ. ಅದ್ಕೆ ಸಮನಾದ್ದು ಬ್ಯಾರೆ ಕಂಪ್ನೀದು ಅದೆ. ಅಷ್ಟೇ ಅಲ್ವಾ?’

‘ಅಷ್ಟು ಸುಲಭ ಅಲ್ಲ.’

‘ಸುಲಭ ಅಂತ ಯಾರಂದ್ರು? ಅಷ್ಟೇನಾ ಅಂದೆ.’

ಅಷ್ಟೇ ಅಂತ ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನಾಲ್ಕು ವರ್ಷ ಓದಿದ್ದೇನೆ. ಅವರು ಮೇಜಿನ ಕೆಳಗಿಂದ ಉದ್ದದ ಬುಕ್ಕೊಂದು ಎಳೆದರು. ರಟ್ಟು ಎಣ್ಣೆ ಕುಡಿದು ಕಪ್ಪಾಗಿತ್ತು. ಬೇರಿಂಗ್ ಡಬ್ಬಿ, ನಟ್ಟಿನ ಡಬ್ಬಿ ಎಲ್ಲ ಅದರ ಮೇಲೇ ಇಟ್ಟೂ ಇಟ್ಟೂ ಒಳಗಿನ ಹಾಳೆಗಳೆಲ್ಲ ಗುಳಿ ಬಿದ್ದಿದ್ದವು. ಪ್ರತಿ ಹಾಳೆಯಲ್ಲೂ ಮೂರು ಕಾಲಂ: ಕೇಳಿದ್ದು, ಕೊಟ್ಟಿದ್ದು, ಒಪ್ಪಿದ್ದು. ಕೇಳಿದ ಬೇರಿಂಗು ಸಿಗದಿದ್ದರೆ ಅದರ ಬದಲಿಗೆ ಯಾವ ಕಂಪನಿಯದು ಕೊಟ್ಟೆ, ಕೇಳಿದ ಸ್ಟಾರ್ಟರಿನ ಕಾಯಿಲ್ ಬದಲು ಯಾವುದು ಕೂರಿಸಿದೆ, ಎಲ್ಲ ಮೊದಲ ಎರಡು ಕಾಲಮ್ಮಿನಲ್ಲಿ. ಮೂರನೆಯದರ ತುಂಬ ಸಹಿಗಳು, ನೇರಳೆ ಬಣ್ಣದ ಹೆಬ್ಬೆಟ್ಟುಗಳು.

‘ಇದ್ಯಾಕೆ ಹೆಬ್ಬೆಟ್ಟು?’ ಅಂದೆ.

‘ನಾ ಕೂರಿಸ್ದೆ ಅಂದ್ರೆ ಆಯ್ತಾ? ಆಯ್ತು ಅಂತ ಯೋಳ್ಬೇಕಾದೋನು ಅವ್ನು. ಅವ್ನ ಕೈಲೇ ಬರಿಬೇಕು.’

ನಾನು ನಕ್ಕೆ. ಪಂಪ್ ರಿಪೇರಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನ ದರ್ಬಾರು ಬೇಕಿತ್ತೇ ಅನ್ನಿಸಿತು. ಆಮೇಲೆ ರನ್‌ಟೈಮಿನ ಸಣ್ಣ ಕಾನ್ಫಿಗ್ ಫೈಲನ್ನು ತೆರೆದು ತೋರಿಸಿದೆ. ಅದರಲ್ಲಿ ಸಾಲು ಸಾಲಾಗಿ ಬರೆಯಬೇಕು: ಪ್ರೋಗ್ರಾಂ ಈ ಹೆಸರು ಹಿಡಿದು ಕೇಳಿದರೆ ಆ ಫೈಲನ್ನು ಕೊಡು. ಯಂತ್ರಕ್ಕೆ ಬೇಕಾದ ಒಂದು ಸಾಲು ನಾನೇ ಬರೆದೆ.

ಸಾಹೇಬರು ಕನ್ನಡಕ ಏರಿಸಿ ನೋಡಿದರು. ‘ಇದು ನನ್ ಬುಕ್ಕೇ ಅಲ್ವೇನಮ್ಮ. ಕೇಳಿದ್ದು, ಕೊಟ್ಟಿದ್ದು. ಮೂರ್ನೇದು ಎಲ್ಲದೆ?’

‘ಮೂರನೇದು ಬೇಕಾಗಲ್ಲ. ತಪ್ಪಾದ್ರೆ ಅದೇ ಎರರ್ ತೋರ್ಸುತ್ತೆ.’

‘ತೋರಿಸ್ದೇ ಓದ್ರೆ?’

‘ತೋರ್ಸಲಿಲ್ಲ ಅಂದ್ರೆ ಸರಿ ಇದೆ ಅಂತ.’

ಅವರು ಕನ್ನಡಕ ಇಳಿಸಿದರು. ಸ್ಪ್ಯಾನರನ್ನು ಎತ್ತಿ ಇನ್ನೊಂದು ಕಡೆ ಇಟ್ಟರು. ಬ್ರೈಲ್ ಲೈಬ್ರರಿಯ ಸಾಲು ಕಷ್ಟದ್ದು, ಅದನ್ನು ನಾನೇ ಬಂದು ಮಾಡುತ್ತೇನೆ, ಒಂದೆರಡು ತಿಂಗಳಾಗಬಹುದು ಅಂತ ಹೇಳಿ ಬಸ್ಸು ಹತ್ತಿದೆ.

ಮೂರು ವಾರ ಕಳೆದು ಫೋನು ಬಂತು. ‘ಕೂತ್ಕಂತು ಕಣಮ್ಮ. ಟೀಚರಮ್ಮಂಗೆ ಪಾಠ ಓಯ್ತು.’

ಹೇಗೆ ಅಂತ ಕೇಳಿದೆ. ‘ಕೂತ್ಕಂತು’ ಅಂದರು. ಯಾವ ಲೈಬ್ರರಿ ಹಾಕಿದಿರಿ, ಎಲ್ಲಿಂದ ತಂದಿರಿ, ಯಾರು ಹೇಳಿಕೊಟ್ಟರು? ‘ಅದೆಲ್ಲ ಇರ್ಲಿ ಬುಡು.’ ಆಮೇಲೆ ಎಷ್ಟೋ ಸಲ ಕೆದಕಿದೆ. ಒಂದು ಸಲ ನಕ್ಕರು, ಒಂದು ಸಲ ಟೀ ತರಿಸಿದರು, ಒಂದು ಸಲ ಪಂಪಿನ ವಿಷಯ ತೆಗೆದರು. ಇಂಗ್ಲಿಷನ್ನು ಅವರು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ಬ್ರೈಲ್ ಅವರಿಗೆ ಬರುತ್ತಿರಲಿಲ್ಲ, ನನಗೂ ಬರುವುದಿಲ್ಲ. ಬಾರದ ಭಾಷೆಯ ಪುಸ್ತಕವನ್ನು ಗೊತ್ತಿಲ್ಲದ ಯಂತ್ರದಲ್ಲಿ ಸರಿಯಾಗಿ ಹೊರಡಿಸುವುದು ಹೇಗೆ? ಇವರು ಬುದ್ಧಿವಂತರೋ ಅದೃಷ್ಟವಂತರೋ ಅಂತ ತಲೆ ಕೆರೆದುಕೊಂಡು ಸುಮ್ಮನಾದೆ.

ಒಮ್ಮೆ ನಾನು ಅಂಗಡಿಯಲ್ಲಿ ಕೂತಿದ್ದಾಗ ಬೆಳಕವಾಡಿ ಕಡೆಯ ರೈತರೊಬ್ಬರು ಬಂದರು. ಹಿಂದಿನ ದಿನ ಅವರ ಮೋಟರಿಗೆ ಹೊಸ ಸ್ಟಾರ್ಟರು ಹಾಕಿಸಿಕೊಂಡು ಹೋಗಿದ್ದರಂತೆ. ‘ಮೋಟ್ರು ಚೆಂದಾಗಿ ತಿರುಗ್ತಾ ಅದೆ ಸಾಯೇಬ್ರೆ, ತನ್ನಿ ಬುಕ್ಕು, ಒತ್ತುಬುಡ್ತೀನಿ’ ಅಂದರು.

‘ಮೋಟ್ರು ತಿರುಗ್ತದೆ ಸರಿ. ನೀರ್ ಬಂತಾ?’

‘ನೋಡ್ಲಿಲ್ಲ. ಸದ್ದು ಬತ್ತಾ ಅದೆ.’

ಸಾಹೇಬರು ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಬೈಕಿನ ಹಿಂದೆ ಹತ್ತಿ ಹೊರಟೇ ಬಿಟ್ಟರು. ನಾನು ಎರಡು ಗಂಟೆ ಸ್ಟಾರ್ಟರುಗಳ ಜೊತೆ ಕೂತೆ. ವಾಪಸ್ಸು ಬಂದ ಸಾಹೇಬರ ಮೇಲೆ ರೇಗಿದೆ. ನಮ್ಮ ಕೆಲಸಕ್ಕೆ ಬೆಲೆ ಇಲ್ಲವೇ, ಸದ್ದು ಬರುತ್ತಿದೆ ಅಂತ ಅವರೇ ಹೇಳಲಿಲ್ಲವೇ ಅಂದೆ. ವೈರು ಅದಲು ಬದಲಾಗಿ ಮೋಟರು ಹಿಂದುಮುಂದಾಗಿ ತಿರುಗುತ್ತಿತ್ತಂತೆ. ಹಾಗೆ ತಿರುಗಿದರೂ ಸದ್ದು ಅದೇ, ನೀರು ಮಾತ್ರ ಮೇಲೆ ಏರದು. ಎರಡು ವೈರು ಬದಲಿಸಿ, ನೀರು ಬದುವಿನವರೆಗೆ ಬಂದ ಮೇಲೆ ಅಲ್ಲೇ ಹೆಬ್ಬೆಟ್ಟು ಹಾಕಿಸಿಕೊಂಡು ಬಂದಿದ್ದರು. ಬುಕ್ಕಿನ ಆ ಹಾಳೆಗೆ ಕೆಸರು ಮೆತ್ತಿತ್ತು. ‘ಸದ್ದು ಯಾರ್ಗ್ ಬೇಕಮ್ಮ’ ಅಂತ ಅವರು ಕೈ ತೊಳೆಯಲು ಹೋದರು.

ಈಗ ಬರೆಯುವಾಗ ಎಲ್ಲ ಎಷ್ಟು ಸ್ಪಷ್ಟವಾಗಿದೆ ಅನ್ನಿಸುತ್ತದೆ. ಆವತ್ತು ನನಗೆ ಎರಡು ಗಂಟೆ ಹಾಳಾಯಿತು ಅನ್ನುವುದಷ್ಟೇ ಸ್ಪಷ್ಟವಾಗಿತ್ತು.

ಅವರು ಹೋದದ್ದು ಒಂದು ಮಧ್ಯಾಹ್ನ. ನಮಾಜು ಮುಗಿಸಿ ಬಂದು ಅಂಗಡಿಯ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಅಂಗಡಿಯನ್ನು ಅವರ ಮಗಳು ವಹಿಸಿಕೊಂಡಳು. ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವುದು ಅವಳಿಗೆ ಮೊದಲೇ ರೂಢಿ. ಬ್ರೈಲ್ ಯಂತ್ರವೂ ಅಲ್ಲೇ ಉಳಿಯಿತು.

ಅದೇ ಹೊತ್ತಿಗೆ ಮದ್ದೂರಿನಲ್ಲಿ ಟೀಚರಮ್ಮನಿಗೆ ಇಕ್ಕಟ್ಟು ಬಂತು. ಪಠ್ಯಪುಸ್ತಕ ಬದಲಾಗಿ ಅವರ ಹಳೆಯ ಬ್ರೈಲ್ ಪುಟಗಳೆಲ್ಲ ಕೆಲಸಕ್ಕೆ ಬಾರದಾದವು. ಹೊಸ ಪುಸ್ತಕ ಬ್ರೈಲಿನಲ್ಲಿ ಇನ್ನೂ ಬಂದಿರಲಿಲ್ಲ. ಒಬ್ಬಿಬ್ಬರು ಪೋಷಕರು ಹೋಗಿ, ಪುಸ್ತಕ ನೋಡದೆ ಪಾಠ ಮಾಡುವುದು ಎಂಥ ಪಾಠ ಅಂತ ದೂರು ಕೊಟ್ಟರು. ಸೋಮವಾರ ಶಿಕ್ಷಣ ಇಲಾಖೆಯ ಅಧಿಕಾರಿ ತರಗತಿಗೆ ಬಂದು ಕೂರುತ್ತಾರೆ, ಹೊಸ ಪುಸ್ತಕದಿಂದ ಪಾಠ ಓದಿ ಮಾಡಿ ತೋರಿಸಬೇಕು, ಆಗದಿದ್ದರೆ ತರಗತಿ ಬಿಡಿಸಿ ಆಫೀಸಿನ ಕೆಲಸಕ್ಕೆ ಹಾಕುತ್ತಾರೆ ಅಂತ ಮಾತಾಯಿತು.

‘ಆಫೀಸಲ್ಲಿ ನನಗೇನು ಕೆಲಸ ಇರುತ್ತೆ ಮೇಡಂ? ಗಂಟೆ ಬಾರಿಸೋಕೂ ಬೇರೆಯವರಿದ್ದಾರೆ. ನನಗೆ ಮೊದಲ ಎರಡು ಪಾಠ ಸಾಕು, ಶುಕ್ರವಾರದೊಳಗೆ ಕಳಿಸಿ’ ಅಂತ ಫೋನ್ ಮಾಡಿದರು.

ಅದೇನು ಮಹಾ ಅಂದುಕೊಂಡು ಬುಧವಾರವೇ ಮಳವಳ್ಳಿಗೆ ಹೋದೆ, ಜೊತೆಗೆ ಆಫೀಸು ಕೊಟ್ಟ ಹೊಸ ಕಂಪ್ಯೂಟರು. ಹಳೆಯದು ಆನ್ ಆಗುತ್ತಿತ್ತು, ಆದರೆ ಯಂತ್ರದ ಕೇಬಲ್ ಸಿಕ್ಕಿಸುವ ಜಾಗ ಕೆಟ್ಟು ಅದರಿಂದ ಛಾಪಿಸಲು ಆಗುತ್ತಿರಲಿಲ್ಲ. ಹಳೆಯದರಿಂದ ಪ್ರೋಗ್ರಾಮನ್ನೂ ಸಾಹೇಬರ ಕಾನ್ಫಿಗ್ ಫೈಲನ್ನೂ ನಕಲು ಮಾಡಿಕೊಂಡೆ. ಫೈಲಿನಲ್ಲಿ ಬ್ರೈಲ್ ಲೈಬ್ರರಿಯ ಸಾಲು ವಿಚಿತ್ರವಾಗಿತ್ತು. ಸಿಸ್ಟಮ್ಮಿನ ಲೈಬ್ರರಿಯನ್ನು ತೋರಿಸುವ ಬದಲು ಅದು ‘ಹಳೆ ಸಾಮಾನು’ ಅಂತ ಸಾಹೇಬರೇ ಹೆಸರಿಟ್ಟ ಒಂದು ಫೋಲ್ಡರನ್ನು ತೋರಿಸುತ್ತಿತ್ತು. ಅದನ್ನು ತೆರೆದರೆ ಒಳಗೆ ಒಂದರಿಂದ ಹದಿನಾಲ್ಕರವರೆಗೆ ನಂಬರು ಹಾಕಿದ ಹದಿನಾಲ್ಕು ಫೋಲ್ಡರು, ಒಂದೊಂದರಲ್ಲೂ ಅದೇ ಲೈಬ್ರರಿಯ ಒಂದೊಂದು ಹಳೇ ಪ್ರತಿ. ಸಾಲು ತೋರಿಸುತ್ತಿದ್ದದ್ದು ಹದಿನಾಲ್ಕನೆಯದನ್ನು.

ಮಗಳಿಂದ ಬುಕ್ಕು ಇಸಿದುಕೊಂಡು ನೋಡಿದೆ. ಇತ್ತು. ಹದಿನಾಲ್ಕು ಸಾಲು. ‘ಕೇಳಿದ್ದು’ ಎಲ್ಲದರಲ್ಲೂ ಒಂದೇ, ‘ಕೊಟ್ಟಿದ್ದು’ ಒಂದು, ಎರಡು, ಮೂರು ಅಂತ ಹದಿನಾಲ್ಕರವರೆಗೆ. ‘ಒಪ್ಪಿದ್ದು’ ಹದಿನಾಲ್ಕರಲ್ಲೂ ಖಾಲಿ, ಡಬ್ಬಿಯ ಭಾರಕ್ಕೆ ಬಿದ್ದ ಗುಳಿಗಳನ್ನು ಬಿಟ್ಟರೆ. ಇಡೀ ಬುಕ್ಕಿನಲ್ಲಿ ಸಹಿಯೋ ಹೆಬ್ಬೆಟ್ಟೋ ಇಲ್ಲದ ಸಾಲುಗಳು ಅವಷ್ಟೇ.

ನನಗೆ ಒಳಗೊಳಗೇ ಖುಷಿಯಾಯಿತು. ಆಗಲಿಲ್ಲ ಅಂದರೆ ಸುಳ್ಳಾದೀತು, ಅದಕ್ಕೇ ಬರೆಯುತ್ತಿದ್ದೇನೆ. ಹದಿನಾಲ್ಕು ಪ್ರಯತ್ನ ಮಾಡಿ ಯಾವುದನ್ನೂ ಯಾರೂ ಒಪ್ಪದೆ ಕೈ ಬಿಟ್ಟಿದ್ದಾರೆ, ಕಡೆಯದು ಹಾಗೇ ಉಳಿದುಕೊಂಡಿದೆ, ಪುಸ್ತಕ ಹೊರಟದ್ದು ಬೇರೆ ಯಾವುದೋ ಉಪಾಯದಿಂದ ಅಂತ ಲೆಕ್ಕ ಹಾಕಿದೆ. ಹೊಸ ಕಂಪ್ಯೂಟರಿನ ಜೊತೆಗೇ ಹೊಸ ಲೈಬ್ರರಿ ಬಂದಿರುವಾಗ ಈ ಗುಜರಿ ಯಾಕೆ? ಸಾಲನ್ನು ಅಳಿಸಿ ಸಿಸ್ಟಮ್ಮಿನ ಲೈಬ್ರರಿಗೆ ತಿರುಗಿಸಿದೆ. ಓಡಿಸಿದೆ. ಒಂದು ಎರರ್ ಇಲ್ಲ. ಯಂತ್ರ ತಡತಡ ಅಂತ ಪುಟ ಉಗುಳಿತು. ಚುಕ್ಕಿಗಳು ಬಿಡಿಬಿಡಿಯಾಗಿ, ಚೊಕ್ಕವಾಗಿ ಬಂದಿದ್ದವು. ಮೊದಲಿನದಕ್ಕಿಂತ ಅಂದವಾಗಿದೆ ಅಂತ ಮಗಳಿಗೆ ಹೇಳಿಯೂ ಹೇಳಿದೆ. ಎರಡು ಪಾಠವನ್ನೂ ಕಟ್ಟಿ ಮದ್ದೂರಿನ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು, ಶಾಲೆಗೆ ಫೋನ್ ಮಾಡಿ ಬಸ್ಸಿನ ನಂಬರು ಹೇಳಿ, ಮಂಡ್ಯಕ್ಕೆ ವಾಪಸ್ಸಾದೆ.

ಗುರುವಾರ ಟೀಚರಮ್ಮ ಊರಿನಲ್ಲಿರಲಿಲ್ಲ. ಶುಕ್ರವಾರ ಸಂಜೆ ಫೋನ್ ಬಂತು.

‘ಮೇಡಂ, ಇದು ಯಾವ ಭಾಷೆ?’

‘ಕನ್ನಡನೇ. ಮೊದಲನೇ ಪಾಠ.’

‘ಕನ್ನಡ ಅಲ್ಲ. ಅಕ್ಷರ ಕೂರೋ ಒಂದು ಮನೆ ಬಿಟ್ಟು ಒಂದು ಮನೆ ಖಾಲಿ ಇದೆ. ಇರೋ ಮನೆಯಲ್ಲೂ ಅಕ್ಷರ ಅಲ್ಲ, ಸುಮ್ಮನೆ ಚುಕ್ಕಿ.’ ಆಮೇಲೆ, ‘ಸೋಮವಾರ ಅವರು ಬರ್ತಾರೆ’ ಅಂದರು.

ನಾನು ಅಂದವಾಗಿದೆ ಅಂದ ಬಿಡಿಬಿಡಿ ಅದೇ. ಶನಿವಾರ ಬೆಳಗಿನ ಬಸ್ಸಿಗೇ ಮಳವಳ್ಳಿಗೆ ಹೋದೆ. ನಾನು ಅಳಿಸಿದ ಸಾಲಿನ ಮೇಲೆ ಅನುಮಾನ ಬರಬೇಕಿತ್ತಲ್ಲ ಅಂತ ನೀವು ಕೇಳಬಹುದು. ಬಂತು. ಆದರೆ ಹದಿನಾಲ್ಕೂ ಖಾಲಿ ಇರುವಾಗ ಅದು ಸರಿ ಇದ್ದಿರಲು ಹೇಗೆ ಸಾಧ್ಯ ಅಂತ ನಾನೇ ವಾದಿಸಿ ನಾನೇ ಗೆದ್ದೆ. ಸಾಹೇಬರು ಇನ್ನೆಲ್ಲೋ ಒಂದು ಉಪಾಯ ಬಚ್ಚಿಟ್ಟಿದ್ದಾರೆ ಅಂತ ಹಠ ಹಿಡಿದು ಹಳೇ ಕಂಪ್ಯೂಟರನ್ನು ಇಡೀ ದಿನ ಜಾಲಾಡಿದೆ. ಹೊಸದರಲ್ಲಿ ಏನು ಬದಲಿಸಿದರೂ ಎರರ್ ಇಲ್ಲ. ಏನು ಬದಲಿಸಿದರೂ ಚುಕ್ಕಿ ಬರುತ್ತದೆ. ಯಾವುದು ಕನ್ನಡ, ಯಾವುದು ಕಸ ಅಂತ ನನ್ನ ಎರಡು ಕಣ್ಣಿಗೆ ತಿಳಿಯುವುದಿಲ್ಲ. ಎರರ್ ಬಂದಿದ್ದರೆ ಎಷ್ಟೋ ವಾಸಿ, ಹಿಡಿಯಲು ಒಂದು ಬಾಲವಾದರೂ ಸಿಗುತ್ತಿತ್ತು.

ಸಂಜೆಯ ಹೊತ್ತಿಗೆ ನನಗೆ ಅಳು ಬಂದಿತ್ತು. ಸಾಹೇಬರ ಮೇಲೆ ಕೋಪವೂ ಬಂದಿತ್ತು. ಹೇಳಿ ಹೋಗಬಾರದಿತ್ತೇ ಅಂತ ಅವರ ಕುರ್ಚಿಯನ್ನು ನೋಡಿಕೊಂಡೇ ಬೈದೆ. ಮಗಳು ಕೇಳಿಸಿಕೊಂಡಳು, ಬೇಜಾರು ಮಾಡಿಕೊಳ್ಳಲಿಲ್ಲ.

‘ಅಪ್ಪ ಆಗ ದಿನಾ ಮದ್ದೂರಿಗೆ ಓಯ್ತಿತ್ತು ಕಣಕ್ಕ, ಬುಕ್ಕಿಡ್ಕೊಂಡು. ಟೀಚರಮ್ಮನ್ನೇ ಕೇಳಿ’ ಅಂದಳು.

ಭಾನುವಾರ ಬೆಳಿಗ್ಗೆ ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಮದ್ದೂರಿಗೆ ಹೋದೆ. ಟೀಚರಮ್ಮ ಮನೆಯ ಜಗುಲಿಯ ಮೇಲೆ ಕೂತಿದ್ದರು. ಪಾಠವನ್ನು ಯಾರ ಕೈಲೋ ಓದಿಸಿಕೊಂಡು ಬಾಯಿಪಾಠ ಮಾಡುತ್ತಿದ್ದರು. ‘ಒಪ್ಪಿಸಿಬಿಡಬಹುದು. ಆದರೆ ನಡುವೆ ಒಂದು ಮಗು ಯಾವ ಸಾಲು ಮಿಸ್ ಅಂದರೆ ನಾನು ಎಲ್ಲಿ ಬೆರಳಿಡಲಿ?’ ಅಂದರು. ನಾನು ಆದದ್ದನ್ನೆಲ್ಲ ಹೇಳಿದೆ. ಹದಿನಾಲ್ಕು ಸಾಲು, ಎಲ್ಲ ಖಾಲಿ, ಅದಕ್ಕೇ ಅಳಿಸಿದೆ ಅಂತಲೂ ಹೇಳಿದೆ.

‘ಖಾಲಿನಾ?’ ಅಂದರು. ‘ಬುಕ್ಕು ತಂದಿದ್ದೀರಾ? ಕೊಡಿ ಇಲ್ಲಿ.’

ಹಾಳೆ ತೆಗೆದು ಅವರ ತೊಡೆಯ ಮೇಲಿಟ್ಟೆ. ಅವರು ಬಲಗೈ ಬೆರಳನ್ನು ಮೂರನೇ ಕಾಲಮ್ಮಿನ ಮೇಲಿಟ್ಟು ಮೆಲ್ಲಗೆ ಇಳಿಸುತ್ತಾ ಬಂದರು. ಕೊನೆಯ ಸಾಲಿಗೆ ಬಂದು ನಿಲ್ಲಿಸಿದರು. ಬೆರಳು ಎಡದಿಂದ ಬಲಕ್ಕೆ ಒಮ್ಮೆ ಹೋಯಿತು.

‘ಓದಬಹುದು,’ ಅಂದರು. ‘ಅಂತ ಬರೆದಿದ್ದೀನಿ. ಇಲ್ಲೇ ಇದೆಯಲ್ಲ ಮೇಡಂ.’

ಬಗ್ಗಿ ನೋಡಿದೆ. ಏನೂ ಇಲ್ಲ. ಬುಕ್ಕನ್ನು ಎತ್ತಿ ಬಿಸಿಲಿಗೆ ಓರೆಯಾಗಿ ಹಿಡಿದೆ. ಹಾಳೆಯ ಬಣ್ಣದವೇ ಸಣ್ಣ ಸಣ್ಣ ಉಬ್ಬುಗಳು. ಡಬ್ಬಿಯ ಭಾರಕ್ಕೆ ಬಿದ್ದ ಗುಳಿ ಅಂದುಕೊಂಡಿದ್ದೆನಲ್ಲ, ಅವು.

‘ಎಲ್ಲರ ಹಾಗೆ ಹೆಬ್ಬೆಟ್ಟು ಒತ್ತಿ ಟೀಚರಮ್ಮ ಅಂದರು. ನಾನು ಓದು ಬರಹ ಬಲ್ಲವಳು, ಹೆಬ್ಬೆಟ್ಟು ಯಾಕೆ ಒತ್ತಲಿ? ಬ್ರೈಲ್ ಬರೆಯೋ ನನ್ನ ಮೊಳೆ, ಪಟ್ಟಿ ತಂದು, ಹಾಳೆ ತಿರುವಿ ಹಿಂದಿನಿಂದ ಚುಕ್ಕಿ ಒತ್ತಿ ಬರೆದೆ. ಅವರು ಮುಟ್ಟಿ ನೋಡಿ ತುಂಬ ಹೊತ್ತು ನಗ್ತಾ ಇದ್ದರು.’

‘ಮೇಲಿನ ಹದಿಮೂರು?’

‘ಅವು ಖಾಲಿನೇ. ಹದಿಮೂರು ಸಲ ಬಂದರು. ಒಂದೊಂದು ಸಲ ಒಂದೊಂದು ಪುಟ. ಶಾಲೆ ಗೇಟಿನ ಹತ್ತಿರ ನಿಂತು ನಾನು ಓದಿ ನೋಡೋದು, ಆಗಲಿಲ್ಲ ಸಾಹೇಬ್ರೇ ಅನ್ನೋದು. ಬುಡಿ ಟೀಚರಮ್ಮ, ನಾಳೆ ಬತ್ತೀನಿ ಅಂತ ಮುಂದಿನ ಬಸ್ಸಿಗೆ ಹೋಗೋದು. ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ.’

ನನಗೆ ಗೊತ್ತಿರಲಿಲ್ಲ. ಬುದ್ಧಿವಂತರೋ ಅದೃಷ್ಟವಂತರೋ ಅಂತ ನಾನು ವರ್ಷಗಟ್ಟಲೆ ತಲೆ ಕೆರೆದುಕೊಂಡದ್ದಕ್ಕೆ ಉತ್ತರ ಹದಿನಾಲ್ಕು ಬಸ್ಸು. ಜಗುಲಿಯ ಮೇಲೆ ಕೂತು ಅತ್ತೆ. ಟೀಚರಮ್ಮ ನೀರು ತಂದುಕೊಟ್ಟರು, ಆಮೇಲೆ ‘ನನ್ನ ಪಾಠ?’ ಅಂತ ನೆನಪಿಸಿದರು.

ಮಳವಳ್ಳಿಗೆ ಓಡಿದೆ. ಹಳೇ ಕಂಪ್ಯೂಟರು ಮೇಜಿನ ಕೆಳಗೇ ಇತ್ತು. ‘ಹಳೆ ಸಾಮಾನ’ನ್ನು ಹಾಗೇ ತಂದು, ಹದಿನಾಲ್ಕನೆಯದಕ್ಕೆ ಸಾಲು ಬರೆದು, ಒಂದು ಪುಟ ಛಾಪಿಸಿದೆ. ಆ ಪುಟವನ್ನು ಕಂಡಕ್ಟರ ಕೈಗೆ ಕೊಡಲಿಲ್ಲ. ಎರಡು ಪಾಠವನ್ನೂ ಮುಗಿಸಿಕೊಂಡು, ಎದೆಗವುಚಿಕೊಂಡು, ನಾನೇ ಮದ್ದೂರಿಗೆ ಹೋದೆ. ಟೀಚರಮ್ಮ ಮೊದಲ ಸಾಲಿನ ಮೇಲೆ ಬೆರಳೆಳೆದು, ‘ಹೂಂ’ ಅಂದರು. ಎರಡನೇ ಸಾಲನ್ನು ಗಟ್ಟಿಯಾಗಿ ಓದಿದರು.

ಕಾರಣ ಆಮೇಲೆ ಹುಡುಕಿದೆ. ನಮ್ಮ ಪ್ರೋಗ್ರಾಂ ಒಂದೊಂದು ಅಕ್ಷರವನ್ನು ಎರಡು ಬೈಟಿನಲ್ಲಿ ಕಟ್ಟಿ ಕಳಿಸುತ್ತದೆ. ಸಿಸ್ಟಮ್ಮಿನ ಲೈಬ್ರರಿ ನಾಲ್ಕು ಬೈಟಿನ ಅಕ್ಷರಕ್ಕೆ ಮಾಡಿದ್ದು. ಅದು ಎರಡು ಅಕ್ಷರವನ್ನು ಸೇರಿಸಿ ಒಂದು ಅಂದುಕೊಳ್ಳುತ್ತದೆ, ಬೇಜಾರಿಲ್ಲದೆ ಏನನ್ನೋ ಹಿಂದಕ್ಕೆ ಕೊಡುತ್ತದೆ. ಹೆಸರು ಒಂದೇ, ಕೆಲಸ ಒಂದೇ, ಎರರ್ ಇಲ್ಲ. ಮೋಟರು ಹಿಂದುಮುಂದು ತಿರುಗುತ್ತಿತ್ತು. ಹದಿನಾಲ್ಕನೆಯದು ಎರಡು ಬೈಟಿಗೆ ಮಾಡಿದ ಪ್ರತಿ. ಅಂಥದ್ದು ಸಾಹೇಬರಿಗೆ ಎಲ್ಲಿ ಸಿಕ್ಕಿತು, ಯಾರಿಂದ ತರಿಸಿದರು, ಎರಡು ನಾಲ್ಕರ ವಿಷಯ ಅವರಿಗೆ ಗೊತ್ತಿತ್ತೇ? ಇದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಕೇಳಿದ್ದರೆ ‘ಕೂತ್ಕಂತು’ ಅನ್ನುತ್ತಿದ್ದರು.

ಸೋಮವಾರ ನಾನು ಶಾಲೆಯ ಕಾರಿಡಾರಿನಲ್ಲಿ ನಿಂತಿದ್ದೆ, ಕಂಕುಳಲ್ಲಿ ಬುಕ್ಕು. ಅಧಿಕಾರಿ ಹಿಂದಿನ ಬೆಂಚಿನಲ್ಲಿ ಪುಸ್ತಕ ತೆರೆದು ಕೂತಿದ್ದರು. ಟೀಚರಮ್ಮ ಪಾಠ ಓದಿದರು. ನಡುವೆ ಅಧಿಕಾರಿ ಎದ್ದು, ‘ಎರಡನೇ ಪಾಠದ ಮೂರನೇ ಪ್ಯಾರಾ ಓದಿ’ ಅಂದರು. ಟೀಚರಮ್ಮ ಹಾಳೆ ತಿರುವಿದರು. ಬೆರಳು ಹುಡುಕಿತು. ಬೆರಳು ಸಿಕ್ಕಿದ ಕಡೆ ನಿಂತು ಓಡತೊಡಗಿತು, ದನಿ ಅದರ ಹಿಂದೆಯೇ ಬಂತು. ಒಬ್ಬ ಹುಡುಗಿ, ‘ಮಿಸ್, ಸರ್ ಪುಸ್ತಕ ತಲೆಕೆಳಗೆ ಇಟ್ಕೊಂಡವ್ರೆ’ ಅಂದಳು. ತರಗತಿ ನಕ್ಕಿತು, ಅಧಿಕಾರಿಯೂ ನಕ್ಕರು. ಪುಸ್ತಕ ಸರಿ ಮಾಡಿಕೊಂಡು, ಏನೋ ಬರೆದುಕೊಂಡು, ‘ಪಾಠ ಮುಂದುವರಿಸಿ ಟೀಚರ್’ ಅಂದು ಎದ್ದು ಹೋದರು. ಆಫೀಸಿನ ಕೆಲಸದ ಮಾತು ಮತ್ತೆ ಬರಲಿಲ್ಲ.

ಬುಕ್ಕಿನಲ್ಲಿ ಹದಿನಾಲ್ಕನೇ ಸಾಲಿನ ಕೆಳಗೆ ನಾನು ಒಂದು ಸಾಲು ಬರೆದಿದ್ದೆ. ಕೇಳಿದ್ದು ಅದೇ, ಕೊಟ್ಟಿದ್ದು ಹದಿನಾಲ್ಕೇ, ಹೊಸ ಕಂಪ್ಯೂಟರು. ಬೆಲ್ಲು ಹೊಡೆದ ಮೇಲೆ ಟೀಚರಮ್ಮನ ಮುಂದಿಟ್ಟೆ. ಅವರು ಹಾಳೆ ತಿರುವಿ, ಪಟ್ಟಿ ಕೂರಿಸಿ, ಮೊಳೆಯಿಂದ ಟಕಟಕ ಒತ್ತಿಕೊಟ್ಟರು. ಏನು ಬರೆದಿರಿ ಅಂತ ನಾನು ಕೇಳಲಿಲ್ಲ. ಕೇಳಲು ನಾಚಿಕೆಯಾಯಿತು.

ಸಂಜೆ ಬುಕ್ಕನ್ನು ಮಳವಳ್ಳಿಗೆ ತಂದು ಮಗಳ ಕೈಗೆ ಕೊಟ್ಟೆ. ಅವಳು ಹಾಳೆ ತೆಗೆದು ನೋಡಿದಳು.

‘ಮೂರ್ನೇದು ಖಾಲಿ ಬುಟ್ಟಿದ್ದೀರಲ್ಲಕ್ಕ. ಯಾರೂ ಒಪ್ಲಿಲ್ವಾ?’

ನಾನು ಅವಳ ಬೆರಳು ಹಿಡಿದು ನನ್ನ ಸಾಲಿನ ಮೇಲೆ ಇಟ್ಟೆ. ಅವಳು ತಾನಾಗಿ ಬೆರಳನ್ನು ಮೇಲಕ್ಕೆ ಸರಿಸಿ ಅಪ್ಪನ ಸಾಲನ್ನು ಮುಟ್ಟಿದಳು, ಮತ್ತೆ ಕೆಳಗೆ ನನ್ನದನ್ನು, ಮತ್ತೆ ಮೇಲೆ.

‘ಎರಡೂ ಒಂದೇ ಅದೆ ಕಣಕ್ಕ’ ಅಂದಳು.